ಮೆಮ್‌ಸೆಟ್ ತನ್ನನ್ನೇ ಕರೆದ ರಾತ್ರಿ

ಪುಣೆಯ ಕೋಥ್ರೂಡ್‌ನಲ್ಲಿ ನಮ್ಮ ಮನೆ. ಹಿಂಜವಡಿಯ ಆಫೀಸಿನಲ್ಲಿ ದಿನವಿಡೀ ಬೇರೆಯವರ ಕೋಡ್ ನೋಡಿ ಬೇಸತ್ತು, ಸುಮ್ನೆ ನನ್ನದೂ ಒಂದು ಇರಲಿ ಅಂತ ಪುಟ್ಟ ಆಪರೇಟಿಂಗ್ ಸಿಸ್ಟಮ್ ಬರೆಯೋಕೆ ಕೂತೆ. ಅಕ್ಕನ ಮಗ ಹುಬ್ಬಳ್ಳಿಯಿಂದ ಇಲ್ಲಿಗೆ ಇಂಜಿನಿಯರಿಂಗ್ ಓದೋಕೆ ಬಂದಿದ್ದಾನೆ. ಶನಿವಾರ ಬಂತೆಂದರೆ ಅವನೂ ಪಕ್ಕದಲ್ಲಿ ಹಾಜರು. ಆರು ತಿಂಗಳಲ್ಲಿ ಕರ್ನಲ್ (ಸಿಸ್ಟಮ್‌ನ ತಿರುಳು) ಬೂಟ್ ಆಗಿ, ಕೀಬೋರ್ಡ್ ಓದಿ, ಪರದೆ ಮೇಲೆ ಅಕ್ಷರ ಮೂಡಿಸುವ ಮಟ್ಟಕ್ಕೆ ಬಂತು. ಒಂದೇ ತಕರಾರು: ಪರದೆ ಸ್ಕ್ರಾಲ್ ಆಗೋದು ಎತ್ತಿನಗಾಡಿ ಹೋದ ಹಾಗೆ.

ಅಲ್ಲಿಯವರೆಗೆ ಎಲ್ಲವನ್ನೂ ಓ0 ಮಟ್ಟದಲ್ಲೇ, ಅಂದರೆ ಕೋಡ್ ವೇಗವಾಗಿಸುವ ಆಪ್ಟಿಮೈಸೇಷನ್ ಇಲ್ಲದೆ ಜಿಸಿಸಿ ಎಂಬ ಕಂಪೈಲರ್‌ನಲ್ಲಿ ಕಂಪೈಲ್ ಮಾಡುತ್ತಿದ್ದೆ (ಮೆಷಿನ್ ಭಾಷೆಗೆ ತಿರುಗಿಸುತ್ತಿದ್ದೆ). ಆ ರಾತ್ರಿ ಕಂಪೈಲ್ ಮಾಡುವ ಸೂಚನೆಗಳಿರುವ ಮೇಕ್‌ಫೈಲ್ ತೆರೆದು ನೇರ ಓ3, ಅಂದರೆ ಜೋರು ಆಪ್ಟಿಮೈಸೇಷನ್, ಹಾಕಿದೆ. ಸಾಲದ್ದಕ್ಕೆ ‘ಮಾರ್ಚ್ ನೇಟಿವ್’ ಕೂಡ: ಈ ಪ್ರೊಸೆಸರ್‌ನಲ್ಲಿ ಏನೇನಿದೆಯೋ ಎಲ್ಲ ಬಳಸು ಅಂತ.

ಬೂಟ್ ಆಗುವ ಮೊದಲೇ ‘ಇನ್‌ವ್ಯಾಲಿಡ್ ಆಪ್‌ಕೋಡ್’ (ಈ ಸೂಚನೆ ನಡೆಯದು) ಎಂದು ಸತ್ತಿತು. ಡಿಸ್‌ಅಸೆಂಬ್ಲಿ (ಕಂಪೈಲರ್ ಮಾಡಿಟ್ಟ ಮೆಷಿನ್ ಸೂಚನೆಗಳ ಪಟ್ಟಿ) ನೋಡಿದರೆ, ಫಾಂಟ್‌ನ ಬಿಟ್‌ಗಳನ್ನು ಪಿಕ್ಸೆಲ್ ಮಾಡುವ ನನ್ನ ಸಾದಾ ಫಾರ್ ಲೂಪ್ ಇದ್ದ ಜಾಗದಲ್ಲಿ ಎವಿಎಕ್ಸ್ ಸೂಚನೆಗಳು, ಅಂದರೆ ಹಲವು ಲೆಕ್ಕ ಒಟ್ಟಿಗೆ ಮಾಡುವಂಥವು. ಒಂದೇ ಏಟಿಗೆ 8 ಪಿಕ್ಸೆಲ್, 32 ಬೈಟ್. ಚೆನ್ನಾಗಿಯೇ ಇತ್ತು. ಆದರೆ ಎವಿಎಕ್ಸ್ ಓಡಬೇಕಾದರೆ ಆಪರೇಟಿಂಗ್ ಸಿಸ್ಟಮ್ ಮೊದಲು ಸಿಆರ್4 ಮತ್ತು ಎಕ್ಸ್‌ಸಿಆರ್0 ರಿಜಿಸ್ಟರ್‌ಗಳಲ್ಲಿ (ಪ್ರೊಸೆಸರ್ ಒಳಗಿನ ಪುಟ್ಟ ಸಂಗ್ರಹ ಜಾಗಗಳಲ್ಲಿ) ಅದಕ್ಕೆ ಅನುಮತಿ ಕೊಡಬೇಕು. ಇಲ್ಲಿ ಆ ಆಪರೇಟಿಂಗ್ ಸಿಸ್ಟಮ್ ಬರೆದವನು ನಾನೇ ಅಲ್ವಾ, ಕೊಟ್ಟಿರಲಿಲ್ಲ. ಕೊಟ್ಟಿದ್ದರೂ ಮುಂದೆ ಪೆಟ್ಟು ಬೀಳುತ್ತಿತ್ತು: ಇಂಟರಪ್ಟ್ (ಕೆಲಸದ ನಡುವೆ ಬರುವ ಕರೆ) ಬಂದಾಗ ಕರ್ನಲ್ ಎವಿಎಕ್ಸ್‌ನ ರಿಜಿಸ್ಟರ್‌ಗಳನ್ನು ತುಳಿದರೆ, ಅವನ್ನು ಬಳಸುತ್ತಿದ್ದ ಪ್ರೋಗ್ರಾಂನ ಲೆಕ್ಕ ಕೆಡುತ್ತದೆ. ಲಿನಕ್ಸ್ ಕೂಡ ಎಕ್ಸ್86 ಬಗೆಯ (ಇಂಟೆಲ್, ಎಎಂಡಿ) ಪ್ರೊಸೆಸರ್‌ಗಳಲ್ಲಿ ತನ್ನ ಕೋಡ್‌ಗೆ ಎಸ್‌ಎಸ್‌ಇ (ಎವಿಎಕ್ಸ್‌ಗಿಂತ ಹಳೆಯದು), ಎವಿಎಕ್ಸ್ ಬಂದ್ ಮಾಡಿಯೇ ಕಂಪೈಲ್ ಆಗುತ್ತದೆ. ನಾನೂ ಬಂದ್ ಮಾಡಿದೆ.

ಈಗ ಬೇರೆ ಆಟ. ಮೊದಲ ಸಾಲು ಪ್ರಿಂಟ್ ಆಗುತ್ತೆ, ಮೆಷಿನ್ ರೀಸೆಟ್. ಮತ್ತೆ ಮೊದಲ ಸಾಲು, ಮತ್ತೆ ರೀಸೆಟ್. ಕಂಪ್ಯೂಟರ್‌ನ ನಕಲಾಗಿ ಓಡುವ ಪ್ರೋಗ್ರಾಂ ಕ್ಯೂಎಮುಗೆ ರೀಬೂಟ್ ಮಾಡಬೇಡ, ಇಂಟರಪ್ಟ್‌ಗಳ ಲಾಗ್ ಕೊಡು ಎಂದೆ. ಪೇಜ್ ಫಾಲ್ಟ್ (ಇಲ್ಲದ ಮೆಮೊರಿ ಮುಟ್ಟಿದ ತಪ್ಪು), ಅದರ ಮೇಲೆ ಡಬಲ್ ಫಾಲ್ಟ್, ಅದರ ಮೇಲೆ ಟ್ರಿಪಲ್, ಅಲ್ಲಿಗೆ ರೀಸೆಟ್. ಫಂಕ್ಷನ್ ಕರೆಗಳ ಲೆಕ್ಕ ಇಡುವ ಮೆಮೊರಿಯಾದ ಸ್ಟ್ಯಾಕ್‌ನ ಪಾಯಿಂಟರ್ ಎಲ್ಲೋ ಪಾತಾಳದಲ್ಲಿ. ಪೇಜ್ (ಮೆಮೊರಿಯ ತುಂಡು) ಹಂಚುವ ಕೋಡನ್ನು ಅನುಮಾನಿಸಿ ಎರಡು ಗಂಟೆ ಹಾಳು ಮಾಡಿದೆ. ಹುಡುಗ ಗಿರ್ಮಿಟ್ ತಿನ್ನುತ್ತಾ ಡಿಸ್‌ಅಸೆಂಬ್ಲಿ ಮೇಲೆ ಕೆಳಗೆ ಸರಿಸುತ್ತಿದ್ದ.

“ಮಾಮಾ, ಮೆಮ್‌ಸೆಟ್ ಒಳಗ ಮತ್ತ ಮೆಮ್‌ಸೆಟ್ ಯಾಕ ಕರ್ದೀರಿ?”

ನಾನೆಲ್ಲಿ ಕರೆದೆ? ಮೆಮ್‌ಸೆಟ್ ಅಂದರೆ ಮೆಮೊರಿಯ ಒಂದು ಭಾಗಕ್ಕೆ ಒಂದೇ ಬೆಲೆ ತುಂಬುವ ಫಂಕ್ಷನ್, ನಾನು ಬರೆದದ್ದು ಮೂರು ಸಾಲು: ಎಣಿಕೆ ಮುಗಿಯುವವರೆಗೆ ಒಂದೊಂದೇ ಬೈಟ್ ತುಂಬು. ಜಿಸಿಸಿ ಆ ಲೂಪ್ ನೋಡಿ, ಓ ಇದು ಮೆಮ್‌ಸೆಟ್ ಕೆಲಸ ಅಂತ ಗುರುತು ಹಿಡಿದು, ಲೂಪ್ ಕಿತ್ತು, ಮೆಮ್‌ಸೆಟ್‌ಗೆ ಕಾಲ್ ಇಟ್ಟಿದೆ. ಅದು ಮೆಮ್‌ಸೆಟ್‌ನ ಒಳಗೇ! ತನ್ನನ್ನು ತಾನೇ ಕರೆಯುತ್ತಾ ಸ್ಟ್ಯಾಕ್ ಮುಗಿಯುವವರೆಗೆ ಇಳಿದಿದೆ. ‘ಫ್ರೀಸ್ಟ್ಯಾಂಡಿಂಗ್’ (ಇಲ್ಲಿ ಸಿದ್ಧ ಸಿ ಲೈಬ್ರರಿ ಇಲ್ಲ) ಎಂದು ಹೇಳಿದ್ದರೂ ಇದು ತಪ್ಪುವುದಿಲ್ಲ. ಮೆಮ್‌ಕಾಪಿ, ಮೆಮ್‌ಮೂವ್, ಮೆಮ್‌ಸೆಟ್, ಮೆಮ್‌ಕಂಪ್ ಈ ನಾಲ್ಕು ಫಂಕ್ಷನ್‌ಗಳು ಹೇಗಿದ್ದರೂ ಇರುತ್ತವೆ ಎಂದೇ ಜಿಸಿಸಿ ನಂಬುತ್ತದೆ. ಮೊದಲು ಇದು ಓ3ರ ಚಾಳಿಯಾಗಿತ್ತು, ಜಿಸಿಸಿ 10ರಿಂದ ಓ2ರಲ್ಲೂ ಇದೆ. ಆ ಒಂದು ಫೈಲ್‌ಗೆ ‘ನೋ ಟ್ರೀ ಲೂಪ್ ಡಿಸ್ಟ್ರಿಬ್ಯೂಟ್ ಪ್ಯಾಟರ್ನ್ಸ್’ ಎಂಬ ಉದ್ದನೆಯ ಫ್ಲ್ಯಾಗ್ (ಕಂಪೈಲರ್‌ಗೆ ಕೊಡುವ ಸೂಚನೆ) ಹಾಕಿದ ಮೇಲೆ ಕರ್ನಲ್ ಮುಂದೆ ಹೋಯಿತು.

ಸ್ವಲ್ಪ ದೂರ ಅಷ್ಟೇ. ಟೈಮರ್‌ನ ಟಿಕ್ ಏರುವುದನ್ನು ಕಾಯುವ ಲೂಪ್‌ನಲ್ಲಿ ನಿಂತುಬಿಟ್ಟಿತು. ಇದು ಪೂರ್ತಿ ನನ್ನದೇ ತಪ್ಪು. ಆ ವೇರಿಯಬಲ್‌ಗೆ ವೊಲಟೈಲ್ (ಪ್ರತಿ ಸಲ ಮೆಮೊರಿಯಿಂದಲೇ ಓದು ಎನ್ನುವ ಗುರುತು) ಹಾಕಿರಲಿಲ್ಲ, ಕಂಪೈಲರ್ ಒಂದೇ ಸಲ ಓದಿ ಸಾಕು ಮಾಡಿತ್ತು. ಓ0 ಇದನ್ನು ಆರು ತಿಂಗಳು ಮುಚ್ಚಿಟ್ಟಿತ್ತು. ಇದಕ್ಕೆ ನಾಚಿಕೆಯಾಗುತ್ತೆ, ಮೆಮ್‌ಸೆಟ್ ವಿಷಯಕ್ಕೆ ಮಾತ್ರ ಇನ್ನೂ ಸಿಟ್ಟಿದೆ.

ದೊಡ್ಡವರಿಗೂ ಇಂಥದ್ದು ಆಗಿದೆ. 2009ರಲ್ಲಿ ಲಿನಕ್ಸ್‌ನ ‘ಟನ್’ ಎಂಬ ನೆಟ್‌ವರ್ಕ್ ಡ್ರೈವರ್‌ನಲ್ಲಿ ಪಾಯಿಂಟರ್ (ಮೆಮೊರಿಯ ವಿಳಾಸ) ಬಳಸಿದ ಮೇಲೆ ಅದು ನಲ್ (ಖಾಲಿ) ಇದೆಯಾ ಎಂದು ನೋಡುವ ಸಾಲಿತ್ತು. ಆಗಲೇ ಬಳಸಿದ್ದೀಯ, ನಲ್ ಆಗಿರಲಾರದು ಅಂತ ಜಿಸಿಸಿ ಆ ಪರೀಕ್ಷೆಯನ್ನೇ ಅಳಿಸಿತು. ಭದ್ರತೆಯ ತೂತು ಬಿತ್ತು. ಆಮೇಲಿಂದ ನಲ್ ಪರೀಕ್ಷೆ ಅಳಿಸಬೇಡ ಎನ್ನುವ ಫ್ಲ್ಯಾಗ್ ಹಾಕಿಯೇ ಲಿನಕ್ಸ್ ಕಂಪೈಲ್ ಮಾಡುತ್ತಾರೆ.

ಇಷ್ಟೆಲ್ಲ ಆಗಿ ಬೆಳಗಿನ ಜಾವ ಸ್ಕ್ರಾಲ್ ನೋಡಿದರೆ ಹೆಚ್ಚುಕಮ್ಮಿ ಅದೇ ಎತ್ತಿನಗಾಡಿ. ನಾನು ಪ್ರತಿ ಸಲ ವೀಡಿಯೊ ಮೆಮೊರಿಯಿಂದಲೇ ಹಿಂದಕ್ಕೆ ಓದುತ್ತಿದ್ದೆ, ಅದು ಭಾರಿ ನಿಧಾನ. ರ‍್ಯಾಮ್‌ನಲ್ಲಿ ಒಂದು ನಕಲು ಇಟ್ಟುಕೊಂಡು ಅಲ್ಲಿಂದ ಬರೆದೆ. ಸರಸರ ಓಡಿತು.

ಈಗ ಓ2 ಇದೆ, ಮಾರ್ಚ್ ನೇಟಿವ್ ತೆಗೆದಿದ್ದೇನೆ. ಡಿಸ್ಕ್ ಡ್ರೈವರ್‌ನ ಒಂದು ಫೈಲ್ ಮಾತ್ರ ಇವತ್ತಿಗೂ ಓ0 ಮಟ್ಟದಲ್ಲೇ ಇದೆ. ಅದನ್ನು ಓ2ಗೆ ಏರಿಸಿದರೆ ಹತ್ತರಲ್ಲಿ ಒಂದು ಸಲ ತಪ್ಪು ಸೆಕ್ಟರ್ ಓದುತ್ತೆ. ಪರೀಕ್ಷೆ ಮುಗಿಸಿ ಬಂದ ಮೇಲೆ ನೋಡ್ತೀನಿ ಅಂದಿದ್ದಾನೆ ಹುಡುಗ.