ಪರಸ್ಥಳದಲ್ಲಿ ಸಿಕ್ಕ ಅಣಬೆಗೆ ಹೆಸರು ನಿರ್ಧರಿಸುವ, ಬದಲಿಸುವ ಕ್ರಮ

ಮೂಲ ನೆಲೆಯಿಂದ ದೂರದಲ್ಲಿ ಸಿಕ್ಕ ಅಣಬೆಯನ್ನು ವರ್ಗೀಕರಿಸುವಾಗ ಇದು ಯಾವ ಪ್ರಭೇದ, ಇದು ಹೊರಗಿನಿಂದ ಬಂದದ್ದೇ ಎಂಬ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿಯೇ ಇಟ್ಟುಕೊಳ್ಳಬೇಕು. ಯುರೋಪಿನ ಮಾರಕ ಅಣಬೆಯಾದ ಅಮನಿಟಾ ಫಲ್ಲಾಯ್ಡಿಸ್‌ನ ವಿಷಯದಲ್ಲಿ ಅಮೆರಿಕದವರು ಮೊದಲನೆಯದರಲ್ಲೇ ಎಡವಿದ್ದರು. ನ್ಯೂಯಾರ್ಕಿನ ಅಣಬೆತಜ್ಞ ಚಾರ್ಲ್ಸ್ ಪೆಕ್ ಅಲ್ಲಿನ ಒಂದು ಕಂದು ಅಣಬೆಯನ್ನು ಅದರದೇ ಬಗೆಯೆಂದು ಎಣಿಸಿದ್ದರು. 1918ರಲ್ಲಿ ಇನ್ನೊಬ್ಬ ಅಣಬೆತಜ್ಞ ಜಾರ್ಜ್ ಆಟ್ಕಿನ್ಸನ್ ಅದನ್ನು ಅಮನಿಟಾ ಬ್ರುನೆಸೆನ್ಸ್ ಎಂಬ ಬೇರೆ ಪ್ರಭೇದವೆಂದು ವಿವರಿಸಿದರು. ಯುರೋಪಿನ ನಿಜವಾದ ಫಲ್ಲಾಯ್ಡಿಸ್ ಕೂಡ ಅಮೆರಿಕದ ಎರಡೂ ಕರಾವಳಿಗಳಲ್ಲಿದೆ ಎಂಬುದು 1970ರ ದಶಕದ ಹೊತ್ತಿಗೆ ಸ್ಪಷ್ಟವಾಯಿತು.

ಆದ್ದರಿಂದ ಅಣಬೆಯನ್ನು ದಂಟು ಹಿಡಿದು ಕೀಳದೆ, ಸುತ್ತಲಿನ ಮಣ್ಣನ್ನು ಚಾಕುವಿನಿಂದ ಸಡಿಲಿಸಿ ಬುಡಸಮೇತ ಎತ್ತಬೇಕು. ಮೊದಮೊದಲು ನಾನು ಬುಡವನ್ನು ಮಣ್ಣಿನಲ್ಲೇ ಬಿಟ್ಟು ಬಂದು, ಗುರುತಿಸುವ ಮುಖ್ಯ ಲಕ್ಷಣವನ್ನೇ ಕಳೆದುಕೊಂಡದ್ದುಂಟು. ಫಲ್ಲಾಯ್ಡಿಸ್‌ನ ಬುಡವನ್ನು ಬಿಳಿಯ, ಸಡಿಲವಾದ ಚೀಲ ಸುತ್ತುವರಿದಿರುತ್ತದೆ; ಬ್ರುನೆಸೆನ್ಸ್‌ನ ಬುಡ ಸೀಳುಬಿಟ್ಟ ಗಡ್ಡೆಯಂತಿದ್ದು, ತಿರುಳು ಜಜ್ಜಿದಲ್ಲಿ ಕಂದಾಗುತ್ತದೆ. ಪಕ್ಕದ ಮರ ಯಾವುದೆಂದು ಅಲ್ಲೇ ಬರೆದುಕೊಳ್ಳಿ. ಮನೆಗೆ ಬಂದ ಮೇಲೆ ಟೋಪಿಯನ್ನು ಕಪ್ಪು ಕಾಗದದ ಮೇಲೆ ಬೋರಲು ಹಾಕಿ ರಾತ್ರಿಯಿಡೀ ಮುಚ್ಚಿಟ್ಟರೆ ಬಿಳಿಯ ಬೀಜಕಗಳ ಅಚ್ಚು ಮೂಡುತ್ತದೆ. ಅಯೋಡಿನ್ ದ್ರಾವಣದಲ್ಲಿ ಎರಡರ ಬೀಜಕಗಳೂ ನೀಲಿಗಟ್ಟುವುದರಿಂದ ಆ ಪರೀಕ್ಷೆ ಇಲ್ಲಿ ಇವೆರಡನ್ನು ಬೇರ್ಪಡಿಸದು. ಫಲ್ಲಾಯ್ಡಿಸ್‌ನ ವಿಷ ಬೇಯಿಸಿದರೂ ಹೋಗುವುದಿಲ್ಲ. ಹಾಗಾಗಿ ಈ ಕೆಲಸ ಅಡುಗೆಮನೆಯಿಂದ ದೂರದಲ್ಲಿ ನಡೆಯಲಿ.

ಒಣಗಿಸಿದ ಮಾದರಿಯ ಒಂದು ಚೂರನ್ನು ಡಿಎನ್‌ಎ ಪರೀಕ್ಷೆಗೆ ಕಳಿಸುವುದಾದರೆ, ಫಲಿತಾಂಶವನ್ನು ಮೂಲ ನೆಲೆಯ ಮಾದರಿಗಳೊಂದಿಗೇ ಹೋಲಿಸಬೇಕು. ಹೋಲಿಕೆಗೆ ಬಳಸುವ ದತ್ತಸಂಚಯದಲ್ಲಿ ಡಿಎನ್‌ಎ ಅನುಕ್ರಮಕ್ಕೆ (ಅದರ ಅಕ್ಷರಗಳ ಸಾಲಿಗೆ) ಅಂಟಿಸಿದ ಹೆಸರೂ ತಪ್ಪಿರಬಹುದು. ಸಂಗ್ರಹಾಲಯದಲ್ಲಿ ಮಾದರಿ ಉಳಿದಿರುವ ಅನುಕ್ರಮಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಪ್ರಭೇದ ಖಚಿತವಾದ ಮೇಲಷ್ಟೇ ಎರಡನೆಯ ಪ್ರಶ್ನೆ. ಕ್ಯಾಲಿಫೋರ್ನಿಯಾದಲ್ಲಿ ಫಲ್ಲಾಯ್ಡಿಸ್ ಅಲ್ಲಿನದೇ ಓಕ್ ಮರಗಳ ಬೇರಿನೊಂದಿಗೆ ಹೊಂದಿಕೊಂಡು ಬೆಳೆಯುತ್ತದೆ. ಮರ ಸ್ಥಳೀಯವಾದ ಮಾತ್ರಕ್ಕೆ ಅಣಬೆ ಸ್ಥಳೀಯವೆನ್ನುವಂತಿಲ್ಲ. ಹಳೆಯ ಮಾದರಿಗಳಲ್ಲಿ ಅತ್ಯಂತ ಹಿಂದಿನದು ಯಾವ ವರ್ಷದ್ದು, ಇಲ್ಲಿನ ಸಂತತಿಯ ತಳಿವೈವಿಧ್ಯ ಮೂಲ ನೆಲೆಗಿಂತ ಕಡಿಮೆಯೇ ಎಂದು ನೋಡಬೇಕು. ಇಂಥ ತಳಿಪುರಾವೆಗಳ ಬಲದಿಂದಲೇ 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ಕ್ಯಾಲಿಫೋರ್ನಿಯಾದ ಫಲ್ಲಾಯ್ಡಿಸ್ ಹೊರಗಿನಿಂದ ಬಂದದ್ದೆಂದಿತು.

ಪ್ರಭೇದ ಅದೇ ಇದ್ದು ಕುಲ (ಹತ್ತಿರದ ಪ್ರಭೇದಗಳ ಗುಂಪು, ಹೆಸರಿನ ಮೊದಲ ಪದ) ಮಾತ್ರ ಬದಲಾಗುವುದು ಬೇರೆಯೇ ಸಂಗತಿ. ಆಸ್ಟ್ರೇಲಿಯಾ ಕಡೆಯಿಂದ ಯುರೋಪಿಗೆ ಹಬ್ಬಿದ, ಕೆಂಪು ಬೆರಳುಗಳಂತಹ ಅಣಬೆಯನ್ನು ಅದನ್ನು ಮೊದಲು ಹೆಸರಿಸಿದ ಅಣಬೆತಜ್ಞ ಬರ್ಕ್ಲಿ ಲೈಸುರಸ್ ಕುಲದಲ್ಲಿ ಇಟ್ಟಿದ್ದರು. 1980ರಲ್ಲಿ ಡ್ರಿಂಗ್ ಎಂಬ ಅಣಬೆತಜ್ಞರು ಅದನ್ನು ಕ್ಲಾಥ್ರಸ್ ಕುಲಕ್ಕೆ ತಂದರು. ಆರ್ಚೆರಿ ಎಂಬ ಪ್ರಭೇದನಾಮ ಹಾಗೇ ಉಳಿಯಿತು, ಅಣಬೆಯ ಹೆಸರಿನ ಕೊನೆಗೆ ಬರೆಯುವ ನಾಮಕರ್ತರಲ್ಲಿ ಬರ್ಕ್ಲಿಯ ಹೆಸರು ಆವರಣ ಚಿಹ್ನೆಯೊಳಗೆ ಸೇರಿ ಅದರ ನಂತರ ಡ್ರಿಂಗ್ ಹೆಸರು ಬಂತು. ನೀವೂ ಹೆಸರು ಬದಲಿಸಿದಾಗ ಹಳೆಯ ಚೀಟಿಯನ್ನು ಹರಿಯದೆ, ಹೊಸ ಹೆಸರು, ದಿನಾಂಕ ಮತ್ತು ಕಾರಣ ಬರೆದ ಇನ್ನೊಂದು ಚೀಟಿಯನ್ನು ಅದರ ಪಕ್ಕದಲ್ಲಿ ಅಂಟಿಸಿ.