ಹೊಗೆ ತಾಗಿಸದೆ ಉಪ್ಪಾಗೆ ಒಣಗಿಸಿದೆ: ನನ್ನ ಅನುಭವ

"ಹೊಗೆ ಕುಡಿಯದ ಸಿಪ್ಪೆ ಯಾರಿಗೆ ಬೇಕು ಮಾರಾಯ್ರೆ?" ಅಂತ ನಮ್ಮ ಕಡೆಯ ವ್ಯಾಪಾರಿಯೊಬ್ಬರು ನನ್ನ ಉಪ್ಪಾಗೆ ಸಿಪ್ಪೆಯ (ನಮ್ಮ ಕಾಡಿನ ಹುಳಿಹಣ್ಣಿನ ಸಿಪ್ಪೆ) ಮೊದಲ ಚೀಲವನ್ನೇ ತಿರುಗಿಸಿ ಕಳಿಸಿದ್ದರು. ಈಗ ಆಷಾಢ ಬಂದರೆ ಅವರದ್ದೇ ಫೋನು ಮೊದಲು ಬರುತ್ತದೆ.

ಶಿರಸಿ, ಸಿದ್ದಾಪುರದ ಕಡೆಯವರಿಗೆ ಈ ಕಷ್ಟ ಹೇಳಬೇಕಾಗಿಲ್ಲ. ಉಪ್ಪಾಗೆ ಹಣ್ಣಾಗುವುದೇ ಜಡಿಮಳೆಯಲ್ಲಿ. ಬಿಸಿಲಿಲ್ಲ, ಒಲೆಯ ಮೇಲಿನ ಅಟ್ಟವೇ ಗತಿ. ಒಂದು ಕೆಜಿ ಒಣ ಸಿಪ್ಪೆಗೆ ಹತ್ತು ಕೆಜಿಯಷ್ಟು ಕಟ್ಟಿಗೆ ಸುಡುತ್ತಿದ್ದೆವು. ಬೆಟ್ಟ ಬೋಳಾಗುವುದು ಕಣ್ಣಿಗೇ ಕಾಣುತ್ತಿತ್ತು.

ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲವನ್ನು 1965ರಲ್ಲೇ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ಲೂಯಿಸ್ ಮತ್ತು ನೀಲಕಂಠನ್ ಗುರುತಿಸಿದ್ದರು. ತೂಕ ಇಳಿಸುವ ಮಾತ್ರೆಗೆ ಅಂತ ಸಾರ ತೆಗೆಯುವ ಕಂಪನಿಗಳು ದುಡ್ಡು ಕೊಡುವುದು ಅದಕ್ಕೇ. ಕಾವು ಜಾಸ್ತಿಯಾದರೆ ಅದು ಲ್ಯಾಕ್ಟೋನ್ ಅನ್ನುವ ಬೇರೆ ರೂಪಕ್ಕೆ ತಿರುಗಿಬಿಡುತ್ತದೆ, ಕಂಪನಿಗಳಿಗೆ ಅದು ಬೇಡ. ಹಾಗಾಗಿ ನಿಧಾನದ ಕಾವು, ಬರೀ ಬಿಸಿಗಾಳಿ ಅಂತ ಹೊರಟೆ.

ಒಣಗಿಸುವ ಗೂಡೊಂದನ್ನು ಕಟ್ಟಿಸಿದೆ: ಬೆಂಕಿ ಹೊರಗೆ, ಹೊಗೆ ಕೊಳವೆಯಲ್ಲಿ ಸೀದಾ ಆಚೆ, ಒಳಗೆ ಫ್ಯಾನು. ಎಲ್ಲ ಸೇರಿ ಎಂಬತ್ತು ಸಾವಿರದ ಹತ್ತಿರ ಆಯಿತು. ಕಟ್ಟಿಕೊಟ್ಟವರು ಹಾಕಿದ್ದ ಕಬ್ಬಿಣದ ಜಾಲರಿಯನ್ನು ಹುಳಿ ಒಂದೇ ಮಳೆಗಾಲದಲ್ಲಿ ತಿಂದು ಹಾಕಿತು. ಸಿಪ್ಪೆಯ ಅಡಿಗೆಲ್ಲ ತುಕ್ಕಿನ ಕಲೆ, ಒಂದು ಕ್ವಿಂಟಲ್‌ನಷ್ಟು ಮಾಲು ಹೋಯಿತು. ಆಮೇಲೆ ಬಿದಿರಿನ ತಟ್ಟಿ ಹೆಣೆಸಿದೆ, ಇವತ್ತಿಗೂ ಅದೇ ಇದೆ. ಮರುವರ್ಷ ಕರೆಂಟು ಕೈಕೊಟ್ಟು ಇಡೀ ಗೂಡಿಗೆ ಬೂಷ್ಟು ಬಂತು. ಇನ್ವರ್ಟರ್‌ಗೆ ಮತ್ತೆ ಇಪ್ಪತ್ತು ಸಾವಿರ. ಮನೆಯಲ್ಲಿ ಬೈಗುಳ ಬೇರೆ.

ಈಗ ನಡೆಯುವುದು ಹೀಗೆ. ಹಳದಿ ತಿರುಗಿ ತಾನಾಗಿ ಬಿದ್ದ ಹಣ್ಣು ಮಾತ್ರ ಆರಿಸುತ್ತೇವೆ. ಟೊಂಗೆ ಕಡಿದು ಕಾಯಿ ಇಳಿಸುವವರ ಮಾಲನ್ನು ನಾನು ಮುಟ್ಟುವುದಿಲ್ಲ. ಮೊದಲು ಬೆಂಕಿಯಿಲ್ಲದೆ ಬರೀ ಗಾಳಿ, ಸಿಪ್ಪೆ ಬಾಡಿ ಅಂಚು ಸುರುಟುವವರೆಗೆ. ಆಮೇಲೆ ಐವತ್ತೈದು ಡಿಗ್ರಿಯ ಆಸುಪಾಸಿನ ಕಾವು. ನಡುವೆ ಒಂದು ರಾತ್ರಿ ಗೂಡನ್ನು ಪೂರ್ತಿ ಮುಚ್ಚಿಡುತ್ತೇನೆ. ಯಾವ ಹದದಲ್ಲಿ ಅನ್ನುವುದು ನನ್ನ ಹತ್ತಿರವೇ ಇರಲಿ, ಸಿಪ್ಪೆ ಮೆತ್ತಗಿದ್ದೂ ಅಂಟದೆ ಇರುವ ಗುಟ್ಟು ಅದೇ. ಒಂದು ಕೆಜಿ ಒಣ ಸಿಪ್ಪೆಗೆ ಬೇಕಾಗುವ ಕಟ್ಟಿಗೆ ಮೂರು-ನಾಲ್ಕು ಕೆಜಿಗೆ ಇಳಿದಿದೆ.

ಲ್ಯಾಬಿಗೆ ಕಳಿಸಿದಾಗ ಆಮ್ಲ ಶೇಕಡಾ ಇಪ್ಪತ್ತು ದಾಟಿತ್ತು. ಅಟ್ಟದ ಮಾಲು ಹದಿನಾರೋ ಹದಿನೇಳೋ ಇತ್ತು. ರೇಟು ಊರಿನ ರೇಟಿಗಿಂತ ಕೆಜಿಗೆ ಮೂವತ್ತು-ನಲವತ್ತು ರೂಪಾಯಿ ಜಾಸ್ತಿ ಸಿಗುತ್ತಿದೆ.

ಆದರೆ ತೂಕ ಇಳಿಸುವ ಮಾತ್ರೆಯೊಂದನ್ನೇ ನಂಬಿ ಕೂರಬೇಡಿ. 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ಪರೀಕ್ಷೆ ಮಾಡಿದಾಗ, ಇದನ್ನು ತಿಂದವರಿಗೂ ಸುಮ್ನೆ ಖಾಲಿ ಮಾತ್ರೆ ತಿಂದವರಿಗೂ ವ್ಯತ್ಯಾಸ ಕಾಣಲಿಲ್ಲ. ಈ ಮಾತ್ರೆ ತಿಂದು ಲಿವರ್ ಕೆಟ್ಟ ವರದಿಗಳೂ ಬಂದಿವೆ. ಅದಕ್ಕೇ ನಾನು ಅರ್ಧ ಮಾಲನ್ನು ಅಡುಗೆ ಹುಳಿಗೆ ಅಂತಲೇ ಕೊಡುತ್ತೇನೆ. ಮೀನು ಸಾರಿಗೆ ಹಾಕುವ ಕೇರಳದವರಿಗೆ ಮಾತ್ರ ಹೊಗೆಯ ಕಪ್ಪು ಸಿಪ್ಪೆಯೇ ಬೇಕು, ಆ ಕಡೆ ನನ್ನ ಮಾಲು ಓಡಲಿಲ್ಲ.

ಉಳಿದ ಬೀಜದಿಂದ ಉಪ್ಪಾಗೆ ತುಪ್ಪ ತೆಗೆದೆವು. ಒಂದಿಷ್ಟನ್ನು ಬಿತ್ತಿಯೂ ನೋಡಿದೆ. ಸುಮ್ನೆ ಬಿತ್ತಿದರೆ ಮೊಳಕೆಗೆ ತಿಂಗಳುಗಟ್ಟಲೆ ಕಾಯಬೇಕು. ಬೀಜದ ಮೇಲಿನ ಸಿಪ್ಪೆ ಸುಲಿದು ಹಾಕಿದ್ದು ಬಹಳ ಬೇಗ ಎದ್ದಿತು. ಗಂಡು ಮರ, ಹೆಣ್ಣು ಮರ ಬೇರೆಬೇರೆ ಅಲ್ವಾ, ಆದ್ದರಿಂದ ಆ ಸಸಿಗಳಿಗೆ ಈ ಮಳೆಗಾಲ ಹೆಣ್ಣು ಮರದ ನೆಟ್ಟನೆ ಕುಡಿ ಕಸಿ ಕಟ್ಟುತ್ತಿದ್ದೇನೆ. ಅಡ್ಡ ಟೊಂಗೆಯ ಕುಡಿ ಕಟ್ಟಿದ್ದು ಮೇಲೇಳದೆ ಪೊದೆಯಾಗಿಯೇ ನಿಂತಿದೆ.