ಅಪ್ಪನ ಸಿಹಿ ಗುಳಿಗೆ, ನನ್ನ ಇನ್ಸುಲಿನ್ ಕೋಶಗಳು

ಶುರುವಾಗಿದ್ದು ಶಿರಸಿ ಹತ್ತಿರದ ನಮ್ಮ ಮನೆ ಜಗಲಿಯಲ್ಲಿ. ಅಪ್ಪನಿಗೆ ಶುಗರ್ ಬಂದು ನಾಲ್ಕು ವರ್ಷ. ಜೋನಿ ಬೆಲ್ಲ ಬಿಟ್ಟರು, ತೊಡೆದೇವೂ ಬಿಟ್ಟರು (ಆಯಿ ಒಳಗೆ ಹೋದಾಗ ಒಂದು ಚೂರು ಬಾಯಿಗೆ ಬೀಳುತ್ತದೆ, ಅದು ಬೇರೆ ಮಾತು). ಚಹಾಕ್ಕೆ ಮಾತ್ರ ಸಿಹಿ ಗುಳಿಗೆ. ಒಂದು ದಿನ ಕೇಳಿದರು: "ಕೂಸೇ, ಇದು ನಾಲಿಗೆಗೆ ಮೋಸ ಮಾಡ್ತು, ಖರೆ. ಹೊಟ್ಟೆಗೂ ಮೋಸ ಮಾಡ್ತನೇ?"

ಪ್ರಶ್ನೆ ಸಣ್ಣದಲ್ಲ. ಹೊಟ್ಟೆಗೆ ಮೋಸ ಅಂದರೆ ಸಕ್ಕರೆ ಬಾರದೆಯೂ ಬಂತು ಅಂತ ದೇಹ ಇನ್ಸುಲಿನ್ ಬಿಡುವುದು. ನಾಲಿಗೆಯಲ್ಲಿ ಸಿಹಿ ಗುರುತಿಸುವ ಗ್ರಾಹಕ ಕರುಳಿನಲ್ಲೂ ಇದೆ, ಇನ್ಸುಲಿನ್ ಮಾಡುವ ಬೀಟಾ ಕೋಶಗಳಲ್ಲೂ ಇದೆ. ಕರುಳಿನ ಕೋಶಗಳಿಗೆ ಸುಕ್ರಲೋಸ್ (ಅಪ್ಪನ ಗುಳಿಗೆಯಲ್ಲಿರುವ ಕೃತಕ ಸಿಹಿ) ಹಾಕಿದರೆ ಇನ್ಸುಲಿನ್ ಬಿಡಲು ಪ್ರಚೋದಿಸುವ ಜಿಎಲ್‌ಪಿ-1 ಹಾರ್ಮೋನ್ ಬರುತ್ತದೆ ಅಂತ 2007ರಲ್ಲೇ ತೋರಿಸಿದ್ದರು. 2009ರಲ್ಲಿ ಜಪಾನಿನವರು ಲ್ಯಾಬಿನಲ್ಲಿ ಬೆಳೆಸುವ ಇಲಿಯ ಬೀಟಾ ಕೋಶ ಎಂಐಎನ್6ಕ್ಕೆ ಸುಕ್ರಲೋಸ್ ಹಾಕಿದಾಗ ಇನ್ಸುಲಿನ್ ಬರುವುದನ್ನು ತೋರಿಸಿದರು. ನಾನು ಕಾರವಾರದ ಒಂದು ಪುಟ್ಟ ಲ್ಯಾಬ್‌ನಲ್ಲಿ ಕೋಶ ಬೆಳೆಸುವವಳು. ಸುಮ್ನೆ ಓದುವುದಕ್ಕಿಂತ ಮಾಡಿಯೇ ನೋಡೋಣ ಅನ್ನಿಸಿತು.

ಬೆಂಗಳೂರಿನ ಗೆಳತಿ ಎಂಐಎನ್6 ಕೊಟ್ಟಳು. ಫ್ಲಾಸ್ಕಿಗೆ ಕುತ್ತಿಗೆವರೆಗೂ ಮೀಡಿಯಾ (ಕೋಶಗಳ ಊಟದ ದ್ರವ) ತುಂಬಿಸಿ, ಮುಚ್ಚಳಕ್ಕೆ ಪ್ಯಾರಾಫಿಲ್ಮ್ ಸುತ್ತಿ, ರಾತ್ರಿ ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಬಂದೆ. ಕೆಂಪು ನೀರು ನೋಡಿ ಕಂಡಕ್ಟರ್ "ಕೋಕಂ ಏನ್ರೀ?" ಅಂದ. ಹೌದು ಅಂದುಬಿಟ್ಟೆ.

ತಂದದ್ದು ಜೂನ್‌ನಲ್ಲಿ. ದಡ್ಡತನ. ಕಾರವಾರದ ಮಳೆಯಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಇನ್ಕ್ಯುಬೇಟರ್ ಬಿಡುತ್ತದೆಯೇ? ಒಳಗೆ 37 ಡಿಗ್ರಿ, ನೀರಿನ ತಟ್ಟೆ, ತೇವ. ಎರಡನೇ ವಾರ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೋಶಗಳ ನಡುವೆ ಬಿಳಿ ನೂಲು ನೂಲು. ಎಲ್ಲ ಎಸೆದೆ. ಅದೃಷ್ಟಕ್ಕೆ ಎರಡು ವಯಲ್ ಫ್ರೀಜ್ ಮಾಡಿಟ್ಟಿದ್ದೆ. ಆಮೇಲೆ ಕೊಡೆ, ರೇನ್‌ಕೋಟ್ ಲ್ಯಾಬ್ ಬಾಗಿಲಿನ ಹೊರಗೇ. ತಟ್ಟೆಯ ನೀರಿಗೆ ಮೈಲುತುತ್ತು. ಪ್ರತಿ ಬಾಟಲಿಗೂ ಶೇ 70ರ ಆಲ್ಕೋಹಾಲ್ ಸ್ನಾನ.

ಪ್ರಯೋಗ ಹೀಗೆ. ಎಂಐಎನ್6 ಬೆಳೆಯುವ ಮೀಡಿಯಾದಲ್ಲಿ 25 ಮಿಲಿಮೋಲಾರ್ (ದ್ರವದಲ್ಲಿ ಎಷ್ಟು ಕರಗಿದೆ ಅನ್ನುವ ಅಳತೆ) ಗ್ಲೂಕೋಸ್ ಇರುತ್ತದೆ, ಅಂದರೆ ಧಾರಾಳ. ಹೊಟ್ಟೆ ತುಂಬಿದವನಿಗೆ ಪಾಯಸ ಬಡಿಸಿ ಹಸಿವು ಅಳೆದ ಹಾಗೆ ಆಗಬಾರದಲ್ವಾ? ಅದಕ್ಕೆ ಕೋಶಗಳನ್ನು ತೊಳೆದು, ಗ್ಲೂಕೋಸ್ ತೀರಾ ಕಡಿಮೆ ಇರುವ ಉಪ್ಪಿನ ದ್ರಾವಣದಲ್ಲಿ ಎರಡು ತಾಸು ಉಪವಾಸ ಹಾಕಬೇಕು. ಮೆಲ್ಲಗೆ ತೊಳೆಯಬೇಕು, ಇವು ಗುಂಪು ಗುಂಪಾಗಿ ಕಿತ್ತು ಬರುತ್ತವೆ. ಆಮೇಲೆ ಸಿಹಿ ಹಾಕಿ ಒಂದು ತಾಸು ಕಾಯುವುದು. ಮೇಲಿನ ನೀರು ತೆಗೆದು ಎಲೈಸಾದಲ್ಲಿ (ಬಣ್ಣ ಗಾಢವಾದಷ್ಟೂ ಇನ್ಸುಲಿನ್ ಜಾಸ್ತಿ ಅನ್ನುವ ಪರೀಕ್ಷೆ) ಇನ್ಸುಲಿನ್ ಅಳೆಯುವುದು.

ಮೊದಲ ಸಲ ಅಪ್ಪನ ಪ್ರಶ್ನೆಗೆ ನಿಯತ್ತಾಗಿರಬೇಕು ಅಂತ ಅಂಗಡಿಯ ಸುಕ್ರಲೋಸ್ ಪುಡಿಯ ಪೊಟ್ಟಣವನ್ನೇ ತಂದೆ. ಲೀಟರಿಗೆ 20 ಗ್ರಾಂ ಲೆಕ್ಕದಲ್ಲಿ ಕರಗಿಸಿ ಹಾಕಿದೆ. ಎಲೈಸಾ ಪ್ಲೇಟ್‌ನಲ್ಲಿ ಆ ಸಾಲು ಮೊದಲು ಕಡು ನೀಲಿ, ಆಸಿಡ್ ಬಿದ್ದ ಮೇಲೆ ಅರಿಶಿನದ ಹಾಗೆ ಹಳದಿ. ಪಕ್ಕದ ಕಂಟ್ರೋಲ್ ಸಾಲು (ಹೋಲಿಸಲು ಇಟ್ಟ, ಸಿಹಿ ಹಾಕದ್ದು) ನೀರು ನೀರು. ಕುಣಿಯುವುದೊಂದು ಬಾಕಿ. ಅಪ್ಪನಿಗೆ ಫೋನ್ ಮಾಡಿ "ಮೋಸ ಮಾಡ್ತು ಅಪ್ಪಾ" ಅಂತ ಹೇಳಿಯೂಬಿಟ್ಟೆ.

ಸಂಜೆ ಪೊಟ್ಟಣದ ಹಿಂಬದಿ ಓದಿದೆ. ಡೆಕ್ಸ್‌ಟ್ರೋಸ್, ಮಾಲ್ಟೋಡೆಕ್ಸ್‌ಟ್ರಿನ್. ಡೆಕ್ಸ್‌ಟ್ರೋಸ್ ಅಂದರೆ ಗ್ಲೂಕೋಸೇ! ಒಂದು ಗ್ರಾಂ ಪುಡಿಯಲ್ಲಿ ಸುಕ್ರಲೋಸ್ ಸುಮಾರು 12 ಮಿಲಿಗ್ರಾಂ, ಉಳಿದದ್ದು ಪುಡಿ ಪುಡಿಯಾಗಿ ಕಾಣಲಿ ಅಂತ ಬೆರೆಸಿದ ತುಂಬುಮಾಲು. ಉಪವಾಸ ಇದ್ದ ಕೋಶಗಳಿಗೆ ನಾನು ಗ್ಲೂಕೋಸ್ ಕುಡಿಸಿದ್ದೆ. ಅವು ತಮ್ಮ ಕೆಲಸ ಸರಿಯಾಗಿಯೇ ಮಾಡಿದ್ದವು. ಮತ್ತೆ ಅಪ್ಪನಿಗೆ ಫೋನ್ ಮಾಡುವಾಗ ಆದ ನಾಚಿಕೆ ನನಗೇ ಗೊತ್ತು.

ಎರಡನೇ ಸುತ್ತಿಗೆ ಶುದ್ಧ ಸುಕ್ರಲೋಸ್ ತರಿಸಿದೆ. ಜಪಾನಿನವರು ಹಾಕಿದ್ದು 50 ಮಿಲಿಮೋಲಾರ್, ಅಂದರೆ ಲೀಟರಿಗೆ ಸುಮಾರು 20 ಗ್ರಾಂ. ಸುಕ್ರಲೋಸ್ ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿ. ಲೆಕ್ಕ ಹಾಕಿ: ಒಂದು ಲೀಟರ್ ನೀರಿಗೆ 12 ಕಿಲೋ ಸಕ್ಕರೆಯ ಸಿಹಿ! ಒಂದು ಪೊಟ್ಟಣ ಹಾಕಿದ 100 ಮಿಲಿ ಚಹಾದಲ್ಲಿ ಇರುವುದು 0.3 ಮಿಲಿಮೋಲಾರ್. ಅದೂ ಕರುಳಿಗೆ ತಾಗುವ ಮಟ್ಟ. ಸುಕ್ರಲೋಸ್‌ನ ಹೆಚ್ಚಿನ ಪಾಲು ಮಲದಲ್ಲೇ ಹೊರಗೆ ಹೋಗುತ್ತದೆ, ರಕ್ತದ ಮೂಲಕ ಬೀಟಾ ಕೋಶದವರೆಗೆ ಮುಟ್ಟುವುದು ಇನ್ನೂ ಎಷ್ಟೋ ಕಡಿಮೆ. ಹಾಗಾಗಿ ಎರಡೂ ಮಟ್ಟ ಇಟ್ಟೆ. ಅಷ್ಟೊಂದು ಕರಗಿಸಿದರೆ ದ್ರಾವಣವೇ ಗಾಢವಾಗಿ ಕೋಶ ಕುಗ್ಗಬಹುದು ಅಂತ ಹೋಲಿಸಲು, ಕೋಶ ಬಳಸಿಕೊಳ್ಳದ ಮ್ಯಾನಿಟಾಲ್ ಅನ್ನು ಅಷ್ಟೇ ಮಿಲಿಮೋಲಾರ್ ಹಾಕಿದ ಒಂದು ಸಾಲನ್ನೂ ಇಟ್ಟೆ.

50ರಲ್ಲಿ ಇನ್ಸುಲಿನ್ ಮ್ಯಾನಿಟಾಲ್ ಸಾಲಿಗಿಂತ ಸ್ವಲ್ಪ ಜಾಸ್ತಿ ಬಂತು, ಮೂರು ಸಲವೂ. 0.3ರಲ್ಲಿ ಕಂಟ್ರೋಲ್‌ಗೂ ಅದಕ್ಕೂ ವ್ಯತ್ಯಾಸ ಕಾಣಲಿಲ್ಲ.

ಇದು ಸಿಹಿ ಗ್ರಾಹಕದ್ದೇ ಕೆಲಸವಾ ಅಂತ ನೋಡಲು ಲ್ಯಾಕ್ಟಿಸೋಲ್ ಹಾಕಿದೆ, ಅದು ಗ್ರಾಹಕವನ್ನು ಮುಚ್ಚುತ್ತದೆ. ಏನೂ ಆಗಲಿಲ್ಲ. ಆಮೇಲೆ ಹೊಳೆಯಿತು, ಅದು ಮುಚ್ಚುವುದು ಮನುಷ್ಯರ ಗ್ರಾಹಕವನ್ನು, ಇಲಿಯದ್ದನ್ನಲ್ಲ. ಇಲಿಗೆ ಬೇಕಾದದ್ದು ಗುರ್ಮಾರಿನ್. ಅದು ಸಿಗುವುದು ಮಧುನಾಶಿನಿ ಬಳ್ಳಿಯಿಂದ! ನಮ್ಮ ತೋಟದ ಬೇಲಿ ಮೇಲೆ ಹಬ್ಬಿದ ಬಳ್ಳಿ. ಚಿಕ್ಕವರಿದ್ದಾಗ ಎಲೆ ಜಗಿದು ಸಕ್ಕರೆ ತಿನ್ನುವ ಪಂದ್ಯ ಕಟ್ಟುತ್ತಿದ್ದೆವು, ಬಾಯಲ್ಲಿ ಬರೀ ಮರಳು. ಮನುಷ್ಯರ ನಾಲಿಗೆಯನ್ನು ಹಾಗೆ ಮಾಡುವುದು ಅದೇ ಎಲೆಯ ಜಿಮ್ನೆಮಿಕ್ ಆಮ್ಲ. ಒಂದೇ ಬಳ್ಳಿಯಲ್ಲಿ ಇಲಿಗೊಂದು ಬೀಗ, ನಮಗೊಂದು. ಎಲೆ ಅರೆದು ಹಾಕುವ ಆಸೆ ಆಯಿತು. ಪೊಟ್ಟಣದ ಪಾಠ ನೆನಪಾಗಿ ಬಿಟ್ಟೆ. ಶುದ್ಧ ಗುರ್ಮಾರಿನ್ ಸಿಕ್ಕ ಮೇಲೆ ನೋಡುವುದು.

2009ರಲ್ಲೇ ಆರೋಗ್ಯವಂತರ ಹೊಟ್ಟೆಗೆ ನೇರವಾಗಿ ಸುಕ್ರಲೋಸ್ ಬಿಟ್ಟು ನೋಡಿದ್ದರು. ಇನ್ಸುಲಿನ್ ಏರಲಿಲ್ಲ, ಜಿಎಲ್‌ಪಿ-1 ಕೂಡ ಏರಲಿಲ್ಲ. ನನ್ನ 0.3ರ ಸಾಲು ಅದರ ಜೊತೆ ಹೊಂದುತ್ತದೆ. ಆದರೆ ನಾನು ನೋಡಿದ್ದು ಒಂದು ತಾಸು. ಅಪ್ಪ ಕುಡಿಯುವುದು ದಿನಾ ನಾಲ್ಕು ಲೋಟ, ವರ್ಷಗಟ್ಟಲೆ. ಪ್ಲೇಟ್‌ನಲ್ಲಿ ಅದನ್ನು ಹೇಗೆ ಅಳೆಯಲಿ?

ದೀಪಾವಳಿಗೆ ಊರಿಗೆ ಹೋದಾಗ 12 ಕಿಲೋ ಲೆಕ್ಕ ಹೇಳಿದೆ. ಅಪ್ಪ ಲೋಟಕ್ಕೆ ಗುಳಿಗೆ ಹಾಕಿ ಕದಡುತ್ತಾ, "ಅಷ್ಟೆಲ್ಲಾ ಯಾರು ಕುಡಿತ್ವೇ?" ಅಂದರು. ಆಯಿ ಒಳಗಿಂದಲೇ, "ಆ ತೊಡೆದೇವು ಡಬ್ಬಿ ಲೆಕ್ಕವನ್ನೂ ಕೇಳು ಕೂಸೇ" ಅಂದಳು.